ತಾರಸಿಯ ಮೇಲಿನ ಬಿಸಿಲು: ಹುಲಿಕೆರೆಯ ಒಂದು ಲೆಕ್ಕ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ನಮ್ಮ ಊರು ಹುಲಿಕೆರೆ. ಹಳೇಬೀಡಿಗೆ ಬರುವ ಯಾತ್ರಿಕರಲ್ಲಿ ಬಹುಮಂದಿ ಹೊಯ್ಸಳೇಶ್ವರನ ಗುಡಿಯನ್ನು ನೋಡಿ ಅಲ್ಲಿಂದಲೇ ಹಿಂದಿರುಗುತ್ತಾರೆ. ಇನ್ನೂ ಸ್ವಲ್ಪ ದೂರ ಬಂದವರಿಗೆ ಮಾತ್ರ ನಮ್ಮೂರಿನ ಕಲ್ಲಿನ ಕಲ್ಯಾಣಿ ಕಾಣಸಿಗುತ್ತದೆ. ಹೊಯ್ಸಳರ ಕಾಲದ ಆ ಕೊಳದ ಮೆಟ್ಟಿಲುಗಳ ಸುತ್ತ ಚಿಕ್ಕ ಚಿಕ್ಕ ಗುಡಿಗಳನ್ನು ಕಟ್ಟಿದ್ದಾರೆ. ಬಾಲ್ಯದಲ್ಲಿ ನಾನು ಆ ಮೆಟ್ಟಿಲುಗಳನ್ನು ಎಣಿಸಲು ಹೋಗಿ ಪ್ರತಿ ಸಲವೂ ಲೆಕ್ಕ ತಪ್ಪುತ್ತಿದ್ದೆನು. ಆಕಾಶದಿಂದ ಬಿದ್ದು ಹರಿದುಹೋಗತಕ್ಕ ನೀರನ್ನು ಹಿಡಿದು ನಿಲ್ಲಿಸಿ ನಾಲ್ಕು ಜನರಿಗೆ ಒದಗಿಸಬೇಕೆಂಬ ಬುದ್ಧಿ ಎಂಟು ನೂರು ವರ್ಷಗಳಿಗೂ ಹಿಂದೆಯೇ ನಮ್ಮ ಕಡೆಯವರಿಗಿತ್ತು ಎಂಬುದಕ್ಕೆ ಅದು ಸಾಕ್ಷಿ.

ಆಕಾಶದಿಂದ ಬೀಳುವುದು ನೀರೊಂದೇ ಅಲ್ಲ, ಬಿಸಿಲೂ ಬೀಳುತ್ತದೆ. ಹಳೇಬೀಡಿನ ಗುಡಿಯ ನಂದಿಮಂಟಪದ ಹಿಂದೆ ಸೂರ್ಯದೇವನಿಗೊಂದು ಗುಡಿ ಉಂಟು. ನಮ್ಮ ಹಿರಿಯರು ಸೂರ್ಯನಿಗೆ ಕೈ ಮುಗಿದರು, ಅವನ ಬಿಸಿಲಿನಲ್ಲಿ ಕೊಬ್ಬರಿ, ಹಪ್ಪಳ, ರಾಗಿ ಒಣಗಿಸಿಕೊಂಡರು. ಅದೇ ಬಿಸಿಲಿನಿಂದ ಮನೆಯ ದೀಪವನ್ನು ಹೊತ್ತಿಸಿಕೊಳ್ಳುವ ಕಾಲ ಈಗ ಬಂದಿದೆ. ಕಳೆದ ಒಂದು ವರ್ಷದಲ್ಲಿ ಈ ವಿಷಯವಾಗಿ ನಮ್ಮೂರಿನಲ್ಲಿ ನಡೆದ ಪ್ರಯತ್ನವನ್ನೂ, ಅದರಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪನ್ನೂ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಸ್ವಲ್ಪ ಹಿನ್ನೆಲೆಯನ್ನು ನೋಡೋಣ. ಮೈಸೂರು ಸೀಮೆಗೆ ವಿದ್ಯುತ್ತು ಹೊಸದಲ್ಲ. ೧೯೦೨ರಲ್ಲಿಯೇ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ತನ್ನು ಉತ್ಪಾದಿಸಿ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಲಾಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಗಣಿಗೆ ಮೊದಲು, ನಗರಕ್ಕೆ ಆಮೇಲೆ, ಹಳ್ಳಿಗೆ ಕಟ್ಟಕಡೆಗೆ ಎಂಬುದು ಅಂದಿನ ಕ್ರಮವಾಗಿತ್ತು. ತಂತಿಯು ಹಳ್ಳಿಗೆ ಬರುವವರೆಗೆ ಕಾಯುವ ಬದಲು ಹಳ್ಳಿಯಲ್ಲಿಯೇ ಶಕ್ತಿಯನ್ನು ಹುಟ್ಟಿಸಲಾಗದೆ ಎಂದು ಚಿಂತಿಸಿದವರೂ ನಮ್ಮ ನಾಡಿನಲ್ಲಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ೧೯೭೪ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಆರಂಭಿಸಿದರು. ಅವರ ತಂಡದವರು ತುಮಕೂರು ಜಿಲ್ಲೆಯ ಪುರ ಎಂಬ ಚಿಕ್ಕ ಹಳ್ಳಿಯಲ್ಲಿ ಸಗಣಿಯ ಅನಿಲದಿಂದ ಇಡೀ ಊರಿಗೆ ಒಲೆ ಉರಿಸಲು ಪ್ರಯತ್ನಿಸಿದರು. ಅನಿಲ ಸಾಲದೆ ಹೋಯಿತು, ಯೋಜನೆ ನಿಂತಿತು. ಊರವರಿಗೆ ನಿಜವಾಗಿ ಬೇಕಾದದ್ದು ಕುಡಿಯುವ ನೀರು ಮತ್ತು ದೀಪ ಎಂಬುದು ಆಮೇಲೆ ತಿಳಿದುಬಂತು. ೧೯೮೭ರಿಂದ ಅದೇ ಅನಿಲದಿಂದ ಎಂಜಿನ್ನನ್ನು ನಡೆಸಿ ನೀರನ್ನೂ ಬೆಳಕನ್ನೂ ಕೊಟ್ಟರು. ಊರವರೂ ಸಗಣಿಯನ್ನು ತಂದುಕೊಟ್ಟರು. ಜನರಿಗೆ ಏನು ಬೇಕೆಂದು ಮೊದಲು ಕೇಳಬೇಕು ಎಂಬ ಈ ಪಾಠವನ್ನು ನಾನು ಪುಸ್ತಕದಲ್ಲಿ ಓದಿದ್ದೆನು. ಆದರೆ ಓದುವುದು ಬೇರೆ, ಕಲಿಯುವುದು ಬೇರೆ.

೧೯೯೫ರಲ್ಲಿ ಹರೀಶ್ ಹಂದೆಯವರು ‘ಸೆಲ್ಕೋ’ ಸಂಸ್ಥೆಯ ಮೂಲಕ ಕರ್ನಾಟಕದ ಬಡವರ ಮನೆಗಳಿಗೆ ಸೌರದೀಪಗಳನ್ನು ಒದಗಿಸಲು ತೊಡಗಿದರು. ಈ ಕೆಲಸಕ್ಕಾಗಿ ೨೦೧೧ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ತಿಂಗಳಿಗೊಮ್ಮೆ ಮುನ್ನೂರು ರೂಪಾಯಿಯನ್ನು ಒಟ್ಟಿಗೆ ಕೊಡಲಾಗದವಳು ದಿನಕ್ಕೆ ಹತ್ತು ರೂಪಾಯಿಯನ್ನು ಕೊಡಬಲ್ಲಳು. ಆದುದರಿಂದ ಸಾಲದ ಕಂತು ಸಂಪಾದನೆಯ ರೀತಿಯನ್ನು ಅನುಸರಿಸಬೇಕು ಎಂಬುದು ಅವರ ಅನುಭವದಿಂದ ಬಂದ ತತ್ತ್ವ. ಹಾಲಿನ ದುಡ್ಡಿನಿಂದ ಸಂಸಾರ ತೂಗಿಸುವ ನಮ್ಮ ಕಡೆಯ ಹೆಂಗಸರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ಈಗ ಪ್ರಕೃತ ವಿಷಯಕ್ಕೆ ಬರೋಣ. ೨೦೨೪ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ‘ಪ್ರಧಾನಮಂತ್ರಿ ಸೂರ್ಯ ಘರ್’ ಯೋಜನೆಯನ್ನು ಪ್ರಾರಂಭಿಸಿತು. ಒಂದು ಕೋಟಿ ಮನೆಗಳ ಮೇಲೆ ಸೌರಫಲಕಗಳನ್ನು ಹಾಕಿಸಬೇಕೆಂಬುದು ಇದರ ಗುರಿ. ಇದಕ್ಕಾಗಿ ಗೊತ್ತುಮಾಡಿದ ಹಣ ೭೫,೦೨೧ ಕೋಟಿ ರೂಪಾಯಿ. ಮನೆಯೊಡೆಯನು ಒಂದು ಕಿಲೋವಾಟಿನ ಫಲಕಗಳನ್ನು ಹಾಕಿಸಿದರೆ ೩೦,೦೦೦ ರೂಪಾಯಿ, ಎರಡಕ್ಕೆ ೬೦,೦೦೦, ಮೂರು ಅಥವಾ ಅದಕ್ಕಿಂತ ಹೆಚ್ಚಿಗೆ ೭೮,೦೦೦ ರೂಪಾಯಿ ಸಹಾಯಧನ. ಮೂರನೆಯ ಕಿಲೋವಾಟಿಗೆ ದೊರೆಯುವುದು ೧೮,೦೦೦ ಮಾತ್ರ ಎಂಬುದನ್ನು ವಾಚಕರು ಗಮನಿಸಬೇಕು. ಈ ಹಣವು ಮೊದಲೇ ಕೈಗೆ ಬರುವುದಿಲ್ಲ. ಫಲಕಗಳನ್ನು ಹಾಕಿಸಿ, ವಿದ್ಯುತ್ ನಿಗಮದವರು ಬಂದು ಪರೀಕ್ಷಿಸಿ, ಹೊಸ ಮೀಟರನ್ನು ಕೂರಿಸಿದ ಮೇಲೆ ಬ್ಯಾಂಕಿನ ಖಾತೆಗೆ ಜಮೆಯಾಗುತ್ತದೆ. ನಮ್ಮ ಹಾಸನ ಜಿಲ್ಲೆಯು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಸೇರಿದೆ.

ನಮ್ಮೂರಿನ ಮಹಿಳಾ ಸ್ವಸಹಾಯ ಸಂಘದಲ್ಲಿ ನನ್ನ ಅವ್ವನೂ ಒಬ್ಬಳು. ಕಳೆದ ಕಾರ್ತಿಕ ಮಾಸದಲ್ಲಿ ಈ ಯೋಜನೆಯ ಕರಪತ್ರವೊಂದು ಸಂಘಕ್ಕೆ ಬಂತು. ಒಬ್ಬೊಬ್ಬರೇ ಅಲೆಯುವ ಬದಲು ಎಲ್ಲರೂ ಒಟ್ಟಾಗಿ ಅರ್ಜಿ ಹಾಕಿದರೆ ಕೆಲಸ ಹಗುರವಾಗುವುದು, ದರದಲ್ಲಿಯೂ ಸ್ವಲ್ಪ ರಿಯಾಯಿತಿ ಕೇಳಬಹುದು ಎಂದು ಸದಸ್ಯರು ಯೋಚಿಸಿದರು. ಓದಿ ಹೇಳುವವರು ಬೇಕಾಗಿತ್ತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ಅವ್ವ ನನ್ನನ್ನು ಸಭೆಗೆ ಕರೆದೊಯ್ದಳು. ಹತ್ತು ಜನ ಹೆಂಗಸರ ನಡುವೆ ನಿಂತು ನಾನು ಕರಪತ್ರವನ್ನು ಓದಿ ವಿವರಿಸಿದೆನು. ಎಲ್ಲ ಮುಗಿದಾಗ ಪಕ್ಕದ ಮನೆಯ ಅಜ್ಜಿ ಒಂದು ಪ್ರಶ್ನೆ ಕೇಳಿದಳು:

“ಕರೆಂಟು ಹೋದಾಗ ಇದು ಉರೀತದೇನವ್ವಾ?”

“ಉರಿಯದೆ ಏನಜ್ಜಿ? ಕರೆಂಟು ನಮ್ಮ ಮನೆ ಮೇಲೇ ಹುಟ್ಟುತ್ತಲ್ಲ!” ಎಂದೆನು.

ಕರಪತ್ರದಲ್ಲಿ ಹಾಗೆ ಬರೆದಿರಲಿಲ್ಲ. ಇಲ್ಲವೆಂದೂ ಬರೆದಿರಲಿಲ್ಲ. ಓದಿದವಳು ಗೊತ್ತಿಲ್ಲವೆನ್ನಬಾರದು ಎಂಬ ಹುಸಿ ಅಭಿಮಾನವು ನನ್ನಿಂದ ಆ ಮಾತನ್ನು ಆಡಿಸಿತು. ಆ ಒಂದು ಮಾತಿನ ಮೇಲೆಯೇ ಆರು ಮನೆಯವರು ಹೆಸರು ಬರೆಸಿದರೆಂಬುದು ನನಗೆ ಆಮೇಲೆ ತಿಳಿಯಿತು.

ಮೊದಲು ನನ್ನ ದೊಡ್ಡಪ್ಪನ ಮನೆಯಲ್ಲಿ ಹಾಕಿಸಿ ನೋಡುವುದೆಂದು ತೀರ್ಮಾನವಾಯಿತು. ಅದು ಹನ್ನೊಂದು ಜನರ ಕೂಡುಕುಟುಂಬ. ಮೋಲ್ಡ್ ಹಾಕಿದ ಮನೆ. ಒಂದು ಕಿಲೋವಾಟಿಗೆ ನೆರಳಿಲ್ಲದ ಸುಮಾರು ನೂರು ಚದರಡಿ ಜಾಗ ಬೇಕು. ಮೂರು ಕಿಲೋವಾಟು ಹಾಕಬೇಕೆಂದು ಅಳತೆ ಮಾಡಿದಾಗ ತಾರಸಿಯ ಪಡುವಣ ಭಾಗಕ್ಕೆ ಒಂದು ತೆಂಗಿನ ಮರದ ನೆರಳು ಬೀಳುತ್ತಿದ್ದುದು ಕಂಡಿತು. ಫಲಕಗಳು ಸರಪಣಿಯ ಕೊಂಡಿಗಳಂತೆ ಒಂದಕ್ಕೊಂದು ಸೇರಿಕೊಂಡಿರುವುದರಿಂದ ಒಂದರ ಮೇಲೆ ಬಿದ್ದ ನೆರಳು ಮಿಕ್ಕವುಗಳ ಉತ್ಪಾದನೆಯನ್ನೂ ತಗ್ಗಿಸಬಹುದು. ಮರವನ್ನು ಕಡಿದರಾಯಿತು ಎಂದು ಬಂದವರು ಸಲಹೆ ಕೊಟ್ಟರು. ಆ ಮರ ನನ್ನ ತಾತ ನೆಟ್ಟದ್ದು. ದೊಡ್ಡಪ್ಪ ಬಹಳ ಹೊತ್ತು ಸುಮ್ಮನಿದ್ದು, “ಮರ ಅದರ ಪಾಡಿಗೆ ಇರ್ಲಿ. ಬಿಸಿಲು ಎಷ್ಟು ಸಿಕ್ತದೋ ಅಷ್ಟೇ ಸಾಕು” ಎಂದರು. ಹೀಗೆ ಮೂರು ಕಿಲೋವಾಟು ಎರಡಕ್ಕಿಳಿಯಿತು. ಸಹಾಯಧನದ ಲೆಕ್ಕದಲ್ಲಿ ನೋಡಿದರೂ ಅವರ ತೀರ್ಮಾನದಿಂದ ಹೆಚ್ಚಿನ ನಷ್ಟವೇನೂ ಆಗಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಫಲಕಗಳು ತಾರಸಿಯನ್ನೇರಿದವು. ಅವುಗಳ ಕೆಲಸವನ್ನು ಸ್ಥೂಲವಾಗಿ ಹೀಗೆ ವಿವರಿಸಬಹುದು. ಬೆಳಕು ಬಿದ್ದಾಗ ಕೆಲವು ವಸ್ತುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು ಫ್ರಾನ್ಸಿನ ಬೆಕೆರೆಲ್ ೧೮೩೯ರಲ್ಲಿ ಕಂಡುಕೊಂಡನು. ೧೯೫೪ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯವರು ಸಿಲಿಕಾನಿನಿಂದ ಉಪಯೋಗಕ್ಕೆ ಬರತಕ್ಕ ಮೊದಲ ಸೌರಕೋಶವನ್ನು ತಯಾರಿಸಿದರು. ಅದು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಸುಮಾರು ಆರು ಪಾಲನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಇಂದಿನ ಒಳ್ಳೆಯ ಫಲಕಗಳು ಇಪ್ಪತ್ತಕ್ಕೂ ಹೆಚ್ಚು ಪಾಲನ್ನು ಮಾರ್ಪಡಿಸುತ್ತವೆ. ಫಲಕದಿಂದ ಬರುವುದು ಒಂದೇ ದಿಕ್ಕಿಗೆ ಹರಿಯುವ ನೇರ ವಿದ್ಯುತ್ತು. ನಮ್ಮ ಮನೆಗಳ ತಂತಿಯಲ್ಲಿರುವುದು ಸೆಕೆಂಡಿಗೆ ಐವತ್ತು ಆವರ್ತನೆಗಳ ಪರ್ಯಾಯ ವಿದ್ಯುತ್ತು. ಒಂದನ್ನು ಇನ್ನೊಂದಾಗಿ ಮಾಡುವ ಪೆಟ್ಟಿಗೆಗೆ ಇನ್ವರ್ಟರ್ ಎಂದು ಹೆಸರು.

ಹೊಸ ಮೀಟರಿನ ರೀತಿಯನ್ನು ಹೆಂಗಸರಿಗೆ ತಿಳಿಸಲು ನಾನು ಡೇರಿಯ ಪುಸ್ತಕವನ್ನು ಉದಾಹರಿಸಿದೆನು. ನಾವು ಡೇರಿಗೆ ಹಾಲು ಹಾಕುತ್ತೇವೆ, ಅಲ್ಲಿಂದಲೇ ಹಿಂಡಿಯನ್ನು ಕಡವಾಗಿ ತರುತ್ತೇವೆ, ಬಟವಾಡೆಯ ದಿನ ಎರಡನ್ನೂ ವಜಾ ಮಾಡಿ ಉಳಿದದ್ದನ್ನು ಬರೆಯುತ್ತಾರೆ. ಹಾಗೆಯೇ ಹಗಲು ಮನೆಗೆ ಬೇಕಾಗಿ ಮಿಕ್ಕ ವಿದ್ಯುತ್ತು ತಂತಿಗೆ ಹೋಗುತ್ತದೆ; ರಾತ್ರಿ ತಂತಿಯಿಂದ ಮನೆಗೆ ಬರುತ್ತದೆ. ತಿಂಗಳ ಕೊನೆಗೆ ವ್ಯತ್ಯಾಸಕ್ಕೆ ಮಾತ್ರ ಬಿಲ್ಲು. ಇದು ಎಲ್ಲರಿಗೂ ಕೂಡಲೇ ಅರ್ಥವಾಯಿತು.

ಚೈತ್ರದಲ್ಲಿ ದೊಡ್ಡಪ್ಪನ ಮೊಮ್ಮಗುವಿಗೆ ನಾಮಕರಣ. ಮನೆ ತುಂಬ ನೆಂಟರು; ಗ್ರೈಂಡರಿನಲ್ಲಿ ಹಿಟ್ಟು ಅರ್ಧ ರುಬ್ಬಿತ್ತು. ಹನ್ನೊಂದೂವರೆ ಗಂಟೆಗೆ ಊರಿನ ಕರೆಂಟು ಹೋಯಿತು. ಅದರೊಂದಿಗೇ ದೊಡ್ಡಪ್ಪನ ಮನೆಯ ಗ್ರೈಂಡರೂ ಫ್ಯಾನುಗಳೂ ನಿಂತವು. ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿದ್ದಾನೆ, ಕೆಳಗೆ ಒಂದು ದೀಪವೂ ಉರಿಯದು! ನೆಂಟರಲ್ಲೊಬ್ಬರು, “ಲಕ್ಷ ರೂಪಾಯಿ ಕೊಟ್ಟು ತಾರಸಿ ಮೇಲೆ ಕನ್ನಡಿ ಹಾಕ್ಸಿದ್ರಾ?” ಎಂದು ನಕ್ಕರು. ದೊಡ್ಡಪ್ಪ ನಗಲೂ ಇಲ್ಲ, ಬೈಯಲೂ ಇಲ್ಲ. ನನ್ನ ಕಡೆ ತಿರುಗಿ, “ಏನ್ ಮಗಾ, ಕರೆಂಟು ಹೋದ್ರೂ ಉರೀತದೆ ಅಂದಿದ್ದೆಯಲ್ಲ?” ಎಂದಷ್ಟೇ ಕೇಳಿದರು. ದೊಡ್ಡಮ್ಮ ಹಿಟ್ಟಿನ ಪಾತ್ರೆಯನ್ನು ಹೊತ್ತು ಹಿತ್ತಲಿನ ಒರಳುಕಲ್ಲಿನ ಕಡೆಗೆ ನಡೆದಳು. ಬೈದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚಿನ ನಾಚಿಕೆ ನನಗಾಯಿತು.

ಮರುದಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರ ಬಳಿಗೆ ಹೋದೆನು. ನಾನು ಕಲಾ ವಿಭಾಗದವಳಾದರೂ ಅವರು ಬೇಸರಿಸದೆ ತಿಳಿಸಿಕೊಟ್ಟರು. ದೊಡ್ಡಪ್ಪನ ಮನೆಯದು ಬ್ಯಾಟರಿಯಿಲ್ಲದ, ತಂತಿಗೆ ಸೇರಿದ ಏರ್ಪಾಡು. ಅದರ ಇನ್ವರ್ಟರು ತಂತಿಯಲ್ಲಿರುವ ವಿದ್ಯುತ್ತಿನ ತಾಳವನ್ನು ಕೇಳಿಸಿಕೊಂಡು ತಾನೂ ಹೆಜ್ಜೆ ಹಾಕುತ್ತದೆ. ಕೋಲಾಟದಲ್ಲಿ ತಾಳ ನಿಂತರೆ ಕೋಲೂ ನಿಲ್ಲುವಂತೆ, ತಂತಿಯಲ್ಲಿ ವಿದ್ಯುತ್ತು ನಿಂತೊಡನೆ ಅದು ನಿಲ್ಲುತ್ತದೆ. ಇದು ದೋಷವಲ್ಲ, ಉದ್ದೇಶಪೂರ್ವಕವಾಗಿ ಮಾಡಿದ ರಕ್ಷಣೆ. ಕರೆಂಟು ಹೋಗಿದೆಯೆಂದು ನಂಬಿ ಲೈನ್‌ಮನ್ ಕಂಬವನ್ನೇರಿದಾಗ ನಮ್ಮ ತಾರಸಿಯಿಂದ ಹೊರಟ ವಿದ್ಯುತ್ತು ತಂತಿಯಲ್ಲಿದ್ದರೆ ಅವನ ಪ್ರಾಣದ ಗತಿಯೇನು? ಕರೆಂಟು ಹೋದಾಗಲೂ ದೀಪ ಬೇಕೆನ್ನುವವರು ಬೇರೆ ಬಗೆಯ ಇನ್ವರ್ಟರನ್ನೂ ಬ್ಯಾಟರಿಯನ್ನೂ ಹಾಕಿಸಬೇಕು. ಬ್ಯಾಟರಿಗೆ ಪ್ರತ್ಯೇಕ ಸಹಾಯಧನವಿಲ್ಲ.

ಮುಂದಿನ ಸೋಮವಾರ ಉಳಿದ ಐದು ಮನೆಗಳಿಗಾಗಿ ಸಂಘದ ಉಳಿತಾಯದಿಂದ ಮುಂಗಡವನ್ನು ತೆಗೆಯುವುದೆಂದು ನಿಶ್ಚಯವಾಗಿತ್ತು. ನಾಮಕರಣದ ಮನೆಯಲ್ಲಿ ನಡೆದದ್ದನ್ನು ತಂತಿಯ ದೋಷವೆಂದು ಹೇಳಿ ಜಾರಿಕೊಳ್ಳಬಹುದಿತ್ತು. ಎರಡು ರಾತ್ರಿ ಆ ಯೋಚನೆಯೂ ನನಗೆ ಬಂತೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಆ ಹಣ ವಾರವಾರವೂ ಹಾಲು ಮಾರಿ, ಕೂಲಿ ಮಾಡಿ ಕೂಡಿಸಿದ್ದು; ಅದರಲ್ಲಿ ಅವ್ವನ ಪಾಲೂ ಇತ್ತು. ಸೋಮವಾರ ಸಭೆಯಲ್ಲಿ ಎದ್ದು ನಿಂತು, ನಾನು ತಿಳಿಯದೆಯೇ ತಿಳಿದವಳಂತೆ ಮಾತಾಡಿದೆನೆಂದೂ ಅದು ತಪ್ಪೆಂದೂ ಹೇಳಿದೆನು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಪಕ್ಕದ ಮನೆಯ ಅಜ್ಜಿಯೇ, “ಹೋಗ್ಲಿ ಬಿಡವ್ವ, ದುಡ್ಡು ಇನ್ನೂ ಪೆಟ್ಟಿಗೇಲೇ ಐತೆ. ಈಗ ಸರ್ಯಾಗಿ ಲೆಕ್ಕ ಹಾಕ್ಕೊಡು” ಎಂದಳು.

ಆ ದಿನದಿಂದ ಒಂದೊಂದು ಮನೆಯ ಹಳೆಯ ಬಿಲ್ಲುಗಳನ್ನು ತರಿಸಿಕೊಂಡು ಬೇರೆ ಬೇರೆಯಾಗಿ ಲೆಕ್ಕ ಹಾಕಿದೆನು. ಮೊದಲು ದೊಡ್ಡಪ್ಪನ ಮನೆಯನ್ನು ತೆಗೆದುಕೊಳ್ಳೋಣ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯು ೨೦೨೩ರ ಆಗಸ್ಟಿನಿಂದ ಜಾರಿಗೆ ಬಂದಿದೆ. ತಿಂಗಳಿಗೆ ಇನ್ನೂರು ಯೂನಿಟ್ಟುಗಳ ಮಿತಿಯೊಳಗೆ, ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ, ಅಷ್ಟಕ್ಕೆ ಬಿಲ್ಲಿಲ್ಲ. ಇನ್ನೂರನ್ನು ಮೀರಿದರೆ ಪೂರ್ಣ ಬಿಲ್ಲನ್ನು ಕಟ್ಟಬೇಕು. ದೊಡ್ಡಪ್ಪನ ಮನೆಯಲ್ಲಿ ತಿಂಗಳಿಗೆ ಇನ್ನೂರನಲವತ್ತರ ಆಸುಪಾಸು ಖರ್ಚಾಗುತ್ತಿತ್ತು. ಎರಡು ಕಿಲೋವಾಟಿಗೆ ಅವರಿಗೆ ಬಿದ್ದ ವೆಚ್ಚ ೧,೩೦,೦೦೦ ರೂಪಾಯಿ. ಸಹಾಯಧನ ಕಳೆದರೆ ೭೦,೦೦೦. ಒಂದು ಕಿಲೋವಾಟಿನಿಂದ ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ಟು ಹುಟ್ಟುತ್ತದೆ. ನಮ್ಮದು ಮಲೆನಾಡಿನ ಅಂಚು. ಆಷಾಢ ಶ್ರಾವಣಗಳಲ್ಲಿ ಮೋಡ ಬಿಡುವುದೇ ಇಲ್ಲ. ಆದುದರಿಂದ ವರ್ಷದ ಸರಾಸರಿಗೆ ಎರಡೂ ಕಿಲೋವಾಟುಗಳಿಂದ ದಿನಕ್ಕೆ ಏಳು ಯೂನಿಟ್ಟೆಂದು ಹಿಡಿದೆನು; ತಿಂಗಳಿಗೆ ೨೧೦. ಯೂನಿಟ್ಟಿಗೆ ಆರು ರೂಪಾಯಿಯ ಸಮೀಪದ ದರದಲ್ಲಿ ಉಳಿತಾಯ ಸುಮಾರು ೧,೨೫೦ ರೂಪಾಯಿ. ಬಡ್ಡಿಯನ್ನು ಬಿಟ್ಟರೆ ೫೬ ತಿಂಗಳಲ್ಲಿ ಅಸಲು ತೀರುತ್ತದೆ. ನೂರಕ್ಕೆ ಏಳರ ಬಡ್ಡಿಯಲ್ಲಿ ಸಾಲ ತಂದಿದ್ದರೂ ಐದು ವರ್ಷ ಎಂಟು ತಿಂಗಳು ಸಾಕು. ಫಲಕಗಳು ಇಪ್ಪತ್ತೈದು ವರ್ಷ ಬಾಳುವಂಥವು. ಇನ್ವರ್ಟರನ್ನು ನಡುವೆ ಒಮ್ಮೆ ಬದಲಾಯಿಸಬೇಕಾಗಬಹುದು. ದೊಡ್ಡಪ್ಪನಿಗೆ ನಾನು ತಪ್ಪು ಕಾರಣವನ್ನು ಹೇಳಿದ್ದೆನಾದರೂ ಅವರು ಮಾಡಿದ ಕೆಲಸ ಸರಿಯಾದದ್ದೇ ಆಗಿತ್ತು.

ಇನ್ನು ನಮ್ಮ ಮನೆ. ನಮ್ಮದು ಹೆಂಚಿನ ಮನೆ. ಬಳಕೆ ಅರವತ್ತು ಯೂನಿಟ್ಟನ್ನು ದಾಟುವುದಿಲ್ಲ. ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆ. ಸೊನ್ನೆಯಿಂದ ಏನನ್ನು ಉಳಿಸಲಾದೀತು? ತಂತಿಗೆ ಕೊಡುವ ಹೆಚ್ಚುವರಿ ವಿದ್ಯುತ್ತಿಗೆ ದೊರೆಯುವ ದರ ನಾವು ಕೊಳ್ಳುವ ದರಕ್ಕಿಂತ ಕಡಿಮೆ. ಆದುದರಿಂದ ನಮ್ಮಂಥ ಮನೆ ಇದಕ್ಕಾಗಿ ಸಾಲ ಮಾಡುವುದು ಸರಿಯಲ್ಲ ಎಂದೇ ಬರೆದುಕೊಟ್ಟೆನು. ಉಳಿದ ಐದು ಮನೆಗಳಲ್ಲಿ ನಾಲ್ಕರ ಸ್ಥಿತಿಯೂ ಇದೇ. ಅವರು ಹೆಸರನ್ನು ಹಿಂದೆಗೆದುಕೊಂಡರು. ಬಳಕೆ ಹೆಚ್ಚಿದ್ದ ಒಂದು ಮನೆಯವರು ಮಾತ್ರ ಮುಂದುವರಿದರು. ಬಿಲ್ಲು ಸೊನ್ನೆಯಾದರೂ ವಿದ್ಯುತ್ತಿನ ಬೆಲೆ ಸೊನ್ನೆಯಲ್ಲ, ಅದನ್ನು ಸರ್ಕಾರ ನಮ್ಮ ಪರವಾಗಿ ತೆರುತ್ತಿದೆ ಎಂಬ ಮಾತನ್ನೂ ಸಭೆಯಲ್ಲಿ ಹೇಳಿದೆನು. ಇದು ಎಂದೆಂದಿಗೂ ಹೀಗೆಯೇ ನಡೆಯುವುದೋ ಇಲ್ಲವೋ ಎಂಬ ಚರ್ಚೆ ಅರ್ಧ ಗಂಟೆ ನಡೆಯಿತು. ನಮ್ಮ ತರಗತಿಯ ಅರ್ಥಶಾಸ್ತ್ರದ ಚರ್ಚೆಗಳಿಗಿಂತ ಅದು ಕೀಳಾಗಿರಲಿಲ್ಲ.

ಹಾಗಾದರೆ ಸಂಘದ ಪ್ರಯತ್ನ ವ್ಯರ್ಥವಾಯಿತೆ? ಇಲ್ಲ. ಅಜ್ಜಿ ಮೊದಲ ದಿನ ಕೇಳಿದ್ದ ಪ್ರಶ್ನೆಯಲ್ಲಿಯೇ ಊರಿನ ಅಗತ್ಯವು ಅಡಗಿತ್ತು. ಅವಳಿಗೆ ಬೇಕಾದದ್ದು ಬಿಲ್ಲಿನ ಉಳಿತಾಯವಲ್ಲ, ಕರೆಂಟು ಹೋದಾಗ ಒಂದು ದೀಪ. ಅದಕ್ಕೆ ಎರಡು ಕಿಲೋವಾಟು ಬೇಕಿಲ್ಲ. ಅಂಗೈಯಗಲಕ್ಕಿಂತ ಸ್ವಲ್ಪ ದೊಡ್ಡ ಫಲಕ, ಒಂದು ಚಿಕ್ಕ ಬ್ಯಾಟರಿ, ಎರಡು ಬಲ್ಬು ಸಾಕು. ಸಂಘದವರು ಏಳು ಮನೆಗಳಿಗೆ ಅಂಥ ದೀಪಗಳನ್ನು ಒಟ್ಟಿಗೆ ಕೊಂಡರು. ಹಣವನ್ನು ಹಾಲಿನ ಬಟವಾಡೆಯ ದಿನ ಸ್ವಲ್ಪ ಸ್ವಲ್ಪವಾಗಿ ಸಂಘಕ್ಕೆ ಹಿಂದಿರುಗಿಸುತ್ತಿದ್ದಾರೆ. ಪುರದ ಜನ ಒಲೆಯ ಬದಲು ನೀರನ್ನೂ ಬೆಳಕನ್ನೂ ಕೇಳಿದ ಕಥೆಯನ್ನು ನಾನು ಎಷ್ಟೋ ದಿನ ಮೊದಲೇ ಓದಿದ್ದೆನಲ್ಲ, ಅದರ ಅರ್ಥ ಈಗ ಆಯಿತು.

ಸಾಮುದಾಯಿಕ ಯೋಜನೆ ಎಂದರೆ ಎಲ್ಲರೂ ಒಂದೇ ವಸ್ತುವನ್ನು ಕೊಳ್ಳುವುದು ಎಂದು ನಾನು ಭಾವಿಸಿದ್ದೆನು. ಎಲ್ಲರೂ ಕೂಡಿ ಕುಳಿತು, ಯಾರಿಗೆ ಯಾವುದು ತಕ್ಕದ್ದೆಂದು ವಿಚಾರಿಸುವುದೇ ಅದರ ನಿಜವಾದ ಅರ್ಥವೆಂದು ಈಗ ತೋರುತ್ತದೆ. ಕಲ್ಯಾಣಿಯ ನೀರು ಎಲ್ಲರದಾದರೂ ಒಬ್ಬೊಬ್ಬರ ಕೊಡ ಒಂದೊಂದು ಅಳತೆಯದು.

ಮನೆಯಲ್ಲಿ ಮೊದಲು ಓದಿದ ನನ್ನಂಥ ಸಹಪಾಠಿಗಳು ಈ ಕಾಲೇಜಿನಲ್ಲಿ ಎಷ್ಟೋ ಮಂದಿ ಇದ್ದಾರೆ. ಊರಿನವರು ಅರ್ಜಿ, ಕರಪತ್ರ, ಬ್ಯಾಂಕಿನ ಕಾಗದಗಳನ್ನು ನಮ್ಮ ಮುಂದೆ ಹಿಡಿದಾಗ ಅವರು ನಂಬುವುದು ಕಾಗದವನ್ನಲ್ಲ, ನಮ್ಮನ್ನು. ಅಂಥ ಸಮಯದಲ್ಲಿ “ಗೊತ್ತಿಲ್ಲ, ಕೇಳಿಕೊಂಡು ಬಂದು ಹೇಳುತ್ತೇನೆ” ಎನ್ನುವುದರಿಂದ ನಮ್ಮ ಓದಿಗೆ ಯಾವ ಕುಂದೂ ಬಾರದು. ನಾನು ಈ ಪಾಠವನ್ನು ಅರ್ಧ ರುಬ್ಬಿದ ಹಿಟ್ಟಿನ ಪಾತ್ರೆಯ ಮುಂದೆ ನಿಂತು ಕಲಿತೆನು. ಮಿತ್ರರು ಅಷ್ಟು ದೂರ ಹೋಗದೆ ಇದನ್ನು ಓದಿಯೇ ಕಲಿತರೆ ನನ್ನ ಬರಹ ಸಾರ್ಥಕವಾಗುವುದು.